ಎರಡು ಚೌಕಗಳ ನಡುವಿನ ಭಯ

ಕನ್ನಡದಲ್ಲಿ ‘ಚಿತ್ರಕಥೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೆಳ್ಳಿತೆರೆಯ ಮೇಲೆ ಹೆಸರುಗಳು ಮೂಡುವಾಗ ‘ಚಿತ್ರಕಥೆ, ನಿರ್ದೇಶನ’ ಎಂದು ಕಾಣುವುದು ಒಂದು; ಮಕ್ಕಳ ಕೈಯಲ್ಲಿ ಬಣ್ಣಬಣ್ಣದ ಚೌಕಗಳಾಗಿ ತೆರೆದುಕೊಳ್ಳುವ ಪುಸ್ತಕ ಇನ್ನೊಂದು. ಒಂದೇ ಮಾತು ಎರಡಕ್ಕೂ ಸಲ್ಲುವುದು ಬರಿಯ ಆಕಸ್ಮಿಕವಿರಬಹುದು. ಆದರೆ ಈ ಎರಡು ಕಲೆಗಳನ್ನೂ ಬಹುಕಾಲದಿಂದ ಪ್ರೀತಿಸಿಕೊಂಡು ಬಂದ ನನಗೆ, ನಮ್ಮ ನುಡಿ ತಾನರಿಯದೆಯೇ ಒಂದು ಸತ್ಯವನ್ನು ಆಡಿದೆ ಎಂದು ತೋರುತ್ತದೆ. ಎದೆ ನಡುಗಿಸುವ ಸಿನಿಮಾ, ಎದೆ ನಡುಗಿಸುವ ಕಾಮಿಕ್ಸ್, ಇವೆರಡೂ ಒಡಹುಟ್ಟಿದವು. ಇವುಗಳ ಮುಖಲಕ್ಷಣ ಬೇರೆ, ರಕ್ತ ಒಂದೇ.

ಪಂಡಿತರ ಮನೆಯ ಅಂಗಳದಲ್ಲಿ ಈ ಒಡಹುಟ್ಟುಗಳಿಗೆ ಮಣೆ ಹಾಕಿದವರು ಕಡಿಮೆ. ನಮ್ಮಲ್ಲಿಯೇ ನೋಡಿ: ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿ ಓದಿನ ರುಚಿ ಹತ್ತಿಸಿಕೊಂಡವರು ಕನ್ನಡ ನಾಡಿನಲ್ಲಿ ಅಸಂಖ್ಯಾತ ಮಂದಿ. ಆ ಋಣವನ್ನು ಸಭೆಯಲ್ಲಿ ಎದ್ದು ನಿಂತು ಒಪ್ಪಿಕೊಂಡವರು ಅಷ್ಟು ಮಂದಿ ಇಲ್ಲ. ಭಯವನ್ನು ಕೆರಳಿಸುವ ಕಲೆ ಕೀಳು, ಅದು ಹೊತ್ತು ಕಳೆಯುವವರ ಸರಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಭಯಾನಕವನ್ನು ರಸಗಳ ಸಾಲಿನಲ್ಲಿ ಕೂರಿಸಿದ ಭರತನ ನಾಡಿನಲ್ಲಿ ಇಂಥ ಭಾವನೆ ಬಂದುದು ಸೋಜಿಗವೇ ಸರಿ. ಆ ಕಲೆಯ ಪರವಾಗಿ ನಾಲ್ಕು ಮಾತು ಹೇಳಬೇಕೆಂಬುದೇ ಈ ಬರಹದ ಉದ್ದೇಶ.

ಕಾಮಿಕ್ಸ್ ಪುಟವೊಂದನ್ನು ನೋಡೋಣ. ಒಂದು ಚೌಕದಲ್ಲಿ ಮೇಲೆತ್ತಿದ ಕೊಡಲಿ. ಮುಂದಿನ ಚೌಕದಲ್ಲಿ ಇರುಳ ನಗರ, ಆಕಾಶದಲ್ಲೊಂದು ಚೀತ್ಕಾರ. ಕೊಲೆ ಎಲ್ಲಿ ನಡೆಯಿತು? ಮೊದಲ ಚೌಕದಲ್ಲಿ ನಡೆಯಲಿಲ್ಲ, ಎರಡನೆಯದರಲ್ಲಿಯೂ ನಡೆಯಲಿಲ್ಲ. ಎರಡರ ನಡುವೆ ಇರುವ ಬೆರಳಗಲದ ಬಿಳಿಯ ಓಣಿಯಲ್ಲಿ ನಡೆಯಿತು, ನಡೆಸಿದವನು ಓದುಗ. ಸಿನಿಮಾದಲ್ಲಿ ಆ ಬಿಳಿಯ ಓಣಿ ಕಣ್ಣಿಗೆ ಬೀಳುವುದಿಲ್ಲ, ಆದರೆ ಇದೆ. ಸಂಕಲನಕಾರನ ಕತ್ತರಿ ಆಡಿದ ಕಡೆಯಲ್ಲೆಲ್ಲ ಇದೆ. 1960ರಲ್ಲಿ ತೆರೆಗೆ ಬಂದ ಹಿಚ್‌ಕಾಕನ ‘ಸೈಕೋ’ ಚಿತ್ರದ ಸ್ನಾನಗೃಹದ ಕೊಲೆ ಲೋಕಪ್ರಸಿದ್ಧ. ಸುಮಾರು 45 ಸೆಕೆಂಡುಗಳ ಆ ಭಾಗಕ್ಕೆ ಕ್ಯಾಮೆರಾವನ್ನು 78 ನೆಲೆಗಳಲ್ಲಿ ಇಟ್ಟರು, 52 ಸಲ ಕತ್ತರಿಸಿ ಜೋಡಿಸಿದರು ಎಂದು ಚರಿತ್ರಕಾರರು ಲೆಕ್ಕ ಕೊಡುತ್ತಾರೆ. ಎತ್ತಿದ ಚೂರಿ, ತೆರೆದ ಬಾಯಿ, ನೀರಿನ ಎಳೆಗಳು, ಪರದೆಯ ಮೇಲೆ ಬಿಗಿದ ಬೆರಳುಗಳು, ಇವಿಷ್ಟೇ ನಮಗೆ ಕಾಣುವುದು. ಚೂರಿ ಮೈಯನ್ನು ಸೀಳುವುದನ್ನು ಕಣ್ಣು ಎಲ್ಲಿಯೂ ಸ್ಪಷ್ಟವಾಗಿ ಕಂಡಿಲ್ಲ. ಆದರೂ ಚಿತ್ರಮಂದಿರದಿಂದ ಹೊರಬಂದವರು ಎಲ್ಲವನ್ನೂ ಕಂಡೆವೆಂದೇ ಪ್ರಮಾಣ ಮಾಡಿ ಹೇಳುತ್ತಾರೆ. ಚಿತ್ರ ಕಪ್ಪು ಬಿಳುಪಿನದು. ಹರಿದ ರಕ್ತವೂ ರಕ್ತವಲ್ಲ, ಚಾಕೊಲೇಟಿನ ಪಾಕ. ಕೆಂಪು ಬಣ್ಣ ತುಂಬಿದವರು ನೋಡಿದವರೇ.

ಇದಕ್ಕೂ ಮೂರು ದಶಕ ಮೊದಲೇ, 1931ರಲ್ಲಿ, ಜರ್ಮನಿಯ ಫ್ರಿಟ್ಸ್ ಲ್ಯಾಂಗ್ ‘ಎಂ’ ಎಂಬ ಒಂದಕ್ಷರದ ಹೆಸರಿನ ಚಿತ್ರದಲ್ಲಿ ಇದನ್ನೇ ಇನ್ನಷ್ಟು ಮೌನವಾಗಿ ಸಾಧಿಸಿದ್ದ. ಪುಟ್ಟ ಹುಡುಗಿಯೊಬ್ಬಳು ಚೆಂಡು ಪುಟಿಸುತ್ತ ಬರುತ್ತಾಳೆ. ಕೊಲೆಗಾರನನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂದು ಸಾರುವ ಭಿತ್ತಿಪತ್ರದ ಮೇಲೆ ಗಂಡಸಿನ ನೆರಳೊಂದು ಬೀಳುತ್ತದೆ. ಆಮೇಲೆ ತಾಯಿ ಮಗಳ ಹೆಸರು ಹಿಡಿದು ಕೂಗುತ್ತಾಳೆ. ಬರಿದಾದ ಮೆಟ್ಟಿಲ ಸಾಲು, ಊಟದ ಮೇಜಿನ ಮೇಲೆ ಬರಿದಾದ ತಟ್ಟೆ, ಹುಲ್ಲಿನಲ್ಲಿ ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು. ಮುಗಿಯಿತು. ಹೇಳಬಾರದುದನ್ನು ಹೇಳದೆ ತಿಳಿಸಿಬಿಟ್ಟ. ವಾಚ್ಯಕ್ಕಿಂತ ವ್ಯಂಗ್ಯಾರ್ಥವೇ ಪ್ರಧಾನವಾದಾಗ ಕಾವ್ಯ ಉತ್ತಮವಾಗುತ್ತದೆ ಎಂದು ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಸಾರಿದ. ಬರ್ಲಿನ್ನಿನ ಕೊಲೆಯ ಕಥೆಗೆ ಆತನ ಧ್ವನಿತತ್ತ್ವವನ್ನು ಅನ್ವಯಿಸಿದರೆ ಆಲಂಕಾರಿಕರು ಮುನಿಯಬಾರದು. ಆ ಬಲೂನು ನಿಜವಾಗಿಯೂ ಧ್ವನಿಯೇ.

ಈ ಎರಡು ಕಲೆಗಳ ನಂಟು ತತ್ತ್ವದ ಮಾತು ಮಾತ್ರವಲ್ಲ, ಕೈಕೆಲಸದ ಮಾತೂ ಹೌದು. ಹಿಚ್‌ಕಾಕ್ ಸಿನಿಮಾಕ್ಕೆ ಕಾಲಿಟ್ಟುದು ಚಿತ್ರಕಾರನಾಗಿ. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಸ್ಟುಡಿಯೋ ಒಂದರಲ್ಲಿ ಮೂಕಚಿತ್ರಗಳ ಶೀರ್ಷಿಕೆ ಫಲಕಗಳನ್ನು ಬರೆಯುವುದು ಅವನ ಕೆಲಸವಾಗಿತ್ತು. ಕ್ಯಾಮೆರಾ ತಿರುಗುವ ಮೊದಲು ದೃಶ್ಯಗಳನ್ನು ಚೌಕ ಚೌಕವಾಗಿ ಬರೆದು ನೋಡುವ ಅಭ್ಯಾಸ ಅವನಿಗೆ ಕೊನೆಯವರೆಗೂ ಉಳಿಯಿತು. ‘ಸೈಕೋ’ದ ಸ್ನಾನಗೃಹಕ್ಕೆ ಅಂಥ ಚೌಕಗಳನ್ನು ಬರೆದುಕೊಟ್ಟವನು ಸಾಲ್ ಬಾಸ್ ಎಂಬ ವಿನ್ಯಾಸಕಾರ. ನಮ್ಮ ಸತ್ಯಜಿತ್ ರಾಯ್ ಅವರೂ ಜಾಹೀರಾತು ಸಂಸ್ಥೆಯಲ್ಲಿ ಚಿತ್ರ ಬರೆಯುತ್ತಿದ್ದವರೇ. ‘ಪಥೇರ್ ಪಾಂಚಾಲಿ’ಯನ್ನು ಅವರು ಮೊದಲು ಕಂಡುದು ಮಸಿಯ ರೇಖೆಗಳಲ್ಲಿ. ಮುಂದೆ 1965ರಲ್ಲಿ ಫೆಲೂದಾ ಎಂಬ ಪತ್ತೇದಾರನನ್ನು ಸೃಷ್ಟಿಸಿ, ಆ ಕಥೆಗಳಿಗೆ ತಾವೇ ಚಿತ್ರ ಬರೆದು, 1974ರಲ್ಲಿ ‘ಸೋನಾರ್ ಕೆಲ್ಲಾ’ ಎಂಬ ಸಿನಿಮಾ ಮಾಡಿದರು. ಲೇಖನಿ, ಕುಂಚ, ಕ್ಯಾಮೆರಾ, ಮೂರೂ ಒಂದೇ ಕೈಯಲ್ಲಿ ಕೂಡಿ ಬಂದಾಗ ಪತ್ತೇದಾರಿ ಕಥೆ ಯಾವ ಎತ್ತರಕ್ಕೆ ಏರೀತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅತ್ತ ಅಮೆರಿಕದಲ್ಲಿ ವಿಲ್ ಐಸ್ನರ್ ಎಂಬ ನ್ಯೂಯಾರ್ಕಿನ ಚಿತ್ರಕಾರ 1940ರ ಜೂನ್ 2ರಂದು ‘ದಿ ಸ್ಪಿರಿಟ್’ ಎಂಬ ಚಿತ್ರಕಥಾಮಾಲೆಯನ್ನು ಆರಂಭಿಸಿದ. ಭಾನುವಾರದ ವೃತ್ತಪತ್ರಿಕೆಯ ಪುರವಣಿಯಾಗಿಯೇ ಅದು ಮನೆಮನೆಗೆ ಬರುತ್ತಿತ್ತು. ಏಳು ಪುಟಗಳಲ್ಲಿ ಒಂದು ಕಥೆ. ಸತ್ತನೆಂದು ಲೋಕ ನಂಬಿದ ಪತ್ತೇದಾರ ಮುಖವಾಡ ತೊಟ್ಟು ನಗರದ ಓಣಿಗಳಲ್ಲಿ ಅಲೆಯುತ್ತಾನೆ. ಐಸ್ನರನ ಮಳೆಯನ್ನು ಒಮ್ಮೆ ಕಂಡವರು ಮರೆಯಲಾರರು. ಕಿಟಕಿ, ಕಂಬ, ಟೊಪ್ಪಿಯ ಅಂಚು ಎಲ್ಲದರಿಂದಲೂ ಸುರಿದು ಪುಟವನ್ನೇ ತೋಯಿಸುವ ಮಳೆ ಅದು. ಕಥೆಯ ಹೆಸರಿನ ಅಕ್ಷರಗಳು ಕಟ್ಟಡದ ಗೋಡೆಗಳಾಗಿ ನಿಲ್ಲುತ್ತಿದ್ದವು, ಹರಿದ ಕಾಗದವಾಗಿ ಗಾಳಿಯಲ್ಲಿ ತೇಲುತ್ತಿದ್ದವು. ಆ ಪುಟಗಳನ್ನು ತಿರುವಿ, ಅನಂತರ ಕ್ಯಾರಲ್ ರೀಡನ 1949ರ ‘ದಿ ಥರ್ಡ್ ಮ್ಯಾನ್’ ಚಿತ್ರವನ್ನು ನೋಡಬೇಕು. ಯುದ್ಧದಲ್ಲಿ ಹಾಳಾದ ವಿಯೆನ್ನಾ, ನೆನೆದ ಕಲ್ಲುಹಾಸು, ಒಂದು ಪಕ್ಕಕ್ಕೆ ವಾಲಿದ ಚೌಕಟ್ಟು, ಬಾಗಿಲ ಕತ್ತಲೆಯಲ್ಲಿ ನಿಂತವನ ಪಾದದ ಬಳಿ ಒಂದು ಬೆಕ್ಕು. ಎದುರುಮನೆಯ ಕಿಟಕಿಯಿಂದ ದೀಪದ ಬೆಳಕು ಚೆಲ್ಲಿದಾಗ, ಸತ್ತನೆಂದು ಎಲ್ಲರೂ ನಂಬಿದ್ದವನ ಮುಖ ತುಂಟನಗೆ ಬೀರುತ್ತದೆ. ಸಾಗರದ ಎರಡು ದಡಗಳಲ್ಲಿದ್ದ ಆ ಕಲಾವಿದರು ಒಂದೇ ಮಸಿಕುಡಿಕೆಯಲ್ಲಿ ಕುಂಚ ಅದ್ದಿದಂತಿದೆ.

ಇಷ್ಟೇ ಆಗಿದ್ದರೆ ಇದು ಕಣ್ಣಿನ ಹಬ್ಬವಾಗಿ ಮುಗಿಯುತ್ತಿತ್ತು. ನನ್ನನ್ನು ಈ ಕಲೆಗಳಿಗೆ ಕಟ್ಟಿಹಾಕಿರುವುದು ಬೇರೊಂದು ಗುಣ. ಭಯದ ಕಥೆ ಎರಡು ಬಗೆಯಲ್ಲಿ ನಡೆಯಬಹುದು. ಮೇಜಿನ ಕೆಳಗೆ ಬಾಂಬು ಇರುವುದು ಯಾರಿಗೂ ತಿಳಿಯದೆ ಅದು ಥಟ್ಟನೆ ಸಿಡಿದರೆ ನಮಗೆ ಒಂದು ಕ್ಷಣದ ಬೆಚ್ಚು. ಅದು ಇರುವುದು ನಮಗೆ ಮಾತ್ರ ತಿಳಿದು, ಮೇಜಿನ ಸುತ್ತ ಕುಳಿತವರು ಹವಾಮಾನದ ಮಾತನಾಡುತ್ತಿದ್ದರೆ ಆ ಇಡೀ ಹೊತ್ತು ನಾವು ಕುದಿಯುತ್ತೇವೆ. ಹಿಚ್‌ಕಾಕ್ ಈ ಭೇದವನ್ನು ಫ್ರೆಂಚ್ ನಿರ್ದೇಶಕ ತ್ರುಫೋನಿಗೆ 1962ರ ಸಂವಾದದಲ್ಲಿ ಬಿಡಿಸಿ ಹೇಳಿದ್ದಾನೆ. ತಿಳಿವಳಿಕೆ ಕೊಟ್ಟೊಡನೆ ಹೊಣೆಯೂ ಬರುತ್ತದೆ. ಎಚ್ಚರಿಸಬೇಕೆನ್ನಿಸುತ್ತದೆ, ಎಚ್ಚರಿಸಲಾಗುವುದಿಲ್ಲ.

ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಇನ್ನೊಂದಿದೆ. ‘ಸೈಕೋ’ದಲ್ಲಿ ಕೊಲೆಯಾದ ಮೇಲೆ ನಾರ್ಮನ್ ಎಂಬ ತರುಣ ಹೆಣವನ್ನು ಕಾರಿನೊಳಗಿಟ್ಟು ಜೌಗಿಗೆ ತಳ್ಳುತ್ತಾನೆ. ಕಾರು ಮುಳುಗುತ್ತದೆ, ಮುಳುಗುತ್ತದೆ, ನಡುವೆ ನಿಂತುಬಿಡುತ್ತದೆ. ಆ ಕ್ಷಣದಲ್ಲಿ ನಾವು ಉಸಿರು ಹಿಡಿಯುತ್ತೇವೆ. ಯಾಕೆ? ಅದು ಮುಳುಗಲಿ ಎಂದು! ಸತ್ತವಳಿಗಾಗಿ ಮರುಗುತ್ತಿದ್ದ ಮನಸ್ಸು ಕೆಲವೇ ನಿಮಿಷಗಳಲ್ಲಿ ಹೆಣ ಅಡಗಿಸುವವನ ಕಡೆಗೆ ವಾಲಿಬಿಟ್ಟಿದೆ. ಧರ್ಮೋಪದೇಶದ ಹತ್ತು ಗ್ರಂಥಗಳು ನನ್ನ ಮನಸ್ಸಿನ ಚಂಚಲತೆಯನ್ನು ನನಗೆ ಇಷ್ಟು ನಿಷ್ಠುರವಾಗಿ ತೋರಿಸಿಕೊಟ್ಟಿಲ್ಲ. ಒಳ್ಳೆಯ ರೋಮಾಂಚಕ ಕಲೆ ಪರೀಕ್ಷಿಸುವುದು ಅಪರಾಧಿಯನ್ನಲ್ಲ, ನೋಡುತ್ತ ಕುಳಿತವನನ್ನು.

ಈ ಕಲೆಗೆ ಕೆಟ್ಟ ಕಾಲ ಬಂದುದು 1954ರಲ್ಲಿ. ಅಮೆರಿಕದ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು, ಕಾಮಿಕ್ಸ್ ಮಕ್ಕಳನ್ನು ಅಪರಾಧಕ್ಕೆ ಎಳೆಯುತ್ತದೆಂದು ಆಪಾದಿಸಿ ಗ್ರಂಥ ಬರೆದರು. ಅವರು ದುಷ್ಟರಲ್ಲ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡವರಿಗಾಗಿ ಚಿಕಿತ್ಸಾಲಯ ನಡೆಸಿದ ಸಹೃದಯರು. ಆ ವರ್ಷ ಸೆನೆಟ್ಟಿನ ಉಪಸಮಿತಿಯ ಮುಂದೆ ವಿಚಾರಣೆ ನಡೆಯಿತು. ಇ.ಸಿ. ಕಾಮಿಕ್ಸ್ ಪ್ರಕಾಶಕ ವಿಲಿಯಂ ಗೇನ್ಸ್, ಕಡಿದ ಹೆಣ್ಣುತಲೆಯನ್ನು ಹಿಡಿದು ನಿಂತವನ ಮುಖಪುಟವನ್ನು ಸುರುಚಿಯದೆಂದೇ ಸಮರ್ಥಿಸಲು ಹೋಗಿ ನಗೆಗೀಡಾದ. ಅಕ್ಟೋಬರಿನಲ್ಲಿ ಪ್ರಕಾಶಕರೇ ಕೂಡಿ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟಳೆ ಹಾಕಿಕೊಂಡರು. ‘ಹಾರರ್’, ‘ಟೆರರ್’ ಎಂಬ ಮಾತುಗಳು ಪತ್ರಿಕೆಯ ಹೆಸರಿನಲ್ಲಿಯೂ ಇರಕೂಡದಾಯಿತು. ಬ್ರಿಟನ್ನಿನಲ್ಲಿ 1955ರಲ್ಲಿ, ನಮ್ಮ ದೇಶದಲ್ಲಿ 1956ರಲ್ಲಿ, ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ತಡೆಯುವ ಕಾನೂನುಗಳು ಬಂದವು. ಚಿತ್ರಗಳಲ್ಲಿ ಹೇಳಿದ ಕಥೆಗಳೂ ಅವುಗಳ ವ್ಯಾಪ್ತಿಗೆ ಸೇರಿದ್ದವು. ವರ್ಥಮ್ ತಮ್ಮ ಸಾಕ್ಷ್ಯಗಳನ್ನು ಹಲವೆಡೆ ತಿರುಚಿದ್ದರೆಂಬುದನ್ನು ಅವರ ಕಾಗದಪತ್ರಗಳಿಂದಲೇ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ 2012ರಲ್ಲಿ ತೋರಿಸಿಕೊಟ್ಟರು. ಅದಕ್ಕೆ ಹಿಂದಿನ ವರ್ಷವಷ್ಟೇ ಆ ಕೋಡ್ ಕೊನೆಯುಸಿರೆಳೆದಿತ್ತು.

ಆ ಮುಖಪುಟವನ್ನು ನಾನೂ ಮೆಚ್ಚಲಾರೆ. ಆದರೆ ನನ್ನ ಕಾರಣ ಬೇರೆ. ಅದರಲ್ಲಿ ತಲೆಯೂ ಇದೆ, ಕೊಡಲಿಯೂ ಇದೆ; ನನಗೆ ಮಾಡಲು ಕೆಲಸವೇ ಉಳಿದಿಲ್ಲ. ಎಲ್ಲವನ್ನೂ ತೋರಿಸಿದ್ದೇ ಅದರ ಬಡತನ. ಕಟ್ಟಳೆ ಮಾಡುವವರು ಪುಟದಲ್ಲಿ ಏನಿದೆಯೆಂದು ಎಣಿಸಬಲ್ಲರು. ಕಲೆ ಇರುವುದೋ ಪುಟದಲ್ಲಿ ಇಲ್ಲದುದರಲ್ಲಿ. ಹೀಗಾಗಿ ನಿಷೇಧದ ಬಲೆಗೆ ಕೆಟ್ಟದ್ದರ ಜೊತೆಗೆ ಒಳ್ಳೆಯದೂ ಬಿದ್ದುಹೋಗುತ್ತದೆ.

ಅಂಥ ಒಳ್ಳೆಯದೊಂದನ್ನು ಇಲ್ಲಿ ಹೆಸರಿಸದಿದ್ದರೆ ನನ್ನ ವಾದ ಅಪೂರ್ಣ. ಭಯಾನಕ ಪತ್ರಿಕೆಗಳನ್ನು ನಿಲ್ಲಿಸಬೇಕಾಗಿ ಬಂದ ಅದೇ ಇ.ಸಿ. ಸಂಸ್ಥೆ 1955ರಲ್ಲಿ ‘ಇಂಪ್ಯಾಕ್ಟ್’ ಎಂಬ ಪತ್ರಿಕೆಯನ್ನು ಹೊರಡಿಸಿತು. ಅದರ ಮೊದಲ ಸಂಚಿಕೆಯಲ್ಲಿ ‘ಮಾಸ್ಟರ್ ರೇಸ್’ ಎಂಬ ಎಂಟು ಪುಟಗಳ ಕಥೆಯಿದೆ. ಚಿತ್ರಕಾರ ಬರ್ನಾರ್ಡ್ ಕ್ರಿಗ್‌ಸ್ಟೀನ್. ಅವನಿಗೆ ಕೊಟ್ಟದ್ದು ಆರು ಪುಟ; ಹೋರಾಡಿ ಎಂಟು ಪಡೆದ. ಕಾರ್ಲ್ ರೈಸ್‌ಮನ್ ಎಂಬವನು ನ್ಯೂಯಾರ್ಕಿನ ನೆಲದಡಿಯ ರೈಲು ಹತ್ತುತ್ತಾನೆ. ಎದುರಿಗೆ ಕಪ್ಪು ಉಡುಪಿನ ಒಬ್ಬ ಬಂದು ಕೂರುತ್ತಾನೆ. ರೈಸ್‌ಮನ್ ನಡುಗುತ್ತಾನೆ. ಬೆಲ್ಸೆನ್ ಶಿಬಿರದ ನೆನಪುಗಳು ನುಗ್ಗಿ ಬರುತ್ತವೆ. ಪಾಪ, ನಾಜಿಗಳ ಕೈಯಿಂದ ಪಾರಾಗಿ ಬಂದ ಜೀವವೆಂದು ನಾವು ಅವನ ಪಕ್ಕದಲ್ಲಿ ಕುಳಿತು ನಾವೂ ನಡುಗುತ್ತೇವೆ. ಅನಂತರ ತಿಳಿಯುತ್ತದೆ, ಅವನು ಆ ಶಿಬಿರದ ಅಧಿಪತಿ. ಓಡುತ್ತ ಜಾರಿ ರೈಲಿನ ಮುಂದೆ ಬೀಳುವ ಅವನ ಕೊನೆಯ ಕ್ಷಣವನ್ನು ಕ್ರಿಗ್‌ಸ್ಟೀನ್ ಸೀಳುಸೀಳಾದ ಕಿರುಚೌಕಗಳಲ್ಲಿ ಹಂಚಿದ್ದಾನೆ. ಹಾದುಹೋಗುವ ರೈಲಿನ ಕಿಟಕಿಗಳಲ್ಲಿ ಮುಖಗಳು ಮತ್ತೆ ಮತ್ತೆ ಮರುಕೊಳಿಸುತ್ತವೆ. ಓಡುವ ರೈಲು, ನಿಂತ ಕಾಲ, ಎರಡೂ ಒಂದೇ ಕಾಗದದ ಮೇಲೆ. ಕೇಳಿದವರಿಗೆ ಕಪ್ಪು ಉಡುಪಿನವನು ಹೇಳುವುದು, ಸತ್ತವನು ತನಗೆ ಅಪರಿಚಿತ ಎಂದು.

ಆ ಎಂಟನೆಯ ಪುಟ ಮುಗಿದ ಮೇಲೆ ಪ್ರಶ್ನೆ ಉಳಿಯುವುದು ನಮಗೆ. ಇಷ್ಟು ಹೊತ್ತು ನಾವು ಮರುಗಿದ್ದು ಯಾರಿಗಾಗಿ? ನಡುಗುವವರೆಲ್ಲ ನಿರಪರಾಧಿಗಳೆಂದು ನಾವು ನಂಬಿದ್ದೇಕೆ? ಯುದ್ಧ ಮುಗಿದು ಹತ್ತೇ ವರ್ಷಗಳಾಗಿದ್ದಾಗ, ಕೆಲವು ಸೆಂಟುಗಳ ಅಗ್ಗದ ಕಾಗದದ ಮೇಲೆ ಈ ಪ್ರಶ್ನೆ ಅಚ್ಚಾಯಿತು. ದೊಡ್ಡ ಸಾಹಿತ್ಯ ಕೇಳುವ ಪ್ರಶ್ನೆಯೂ ಇದೇ ಅಲ್ಲವೆ?

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಅರಿಕೆ. ತರಗತಿಯಲ್ಲಿ ಧ್ವನಿಯನ್ನು ವಿವರಿಸುವ ದಿನ ಪ್ರಾಚೀನ ಉದಾಹರಣೆಗಳ ಜೊತೆಗೆ ತಂತಿಗೆ ಸಿಕ್ಕಿದ ಆ ಬಲೂನನ್ನೂ ನೆನೆಯಿರಿ. ವಿದ್ಯಾರ್ಥಿಗಳೇ, ಚಿತ್ರಕಥೆಯನ್ನು ಮೇಜಿನ ಕೆಳಗೆ ಬಚ್ಚಿಟ್ಟು ಓದುವುದು ಬೇಡ; ಮೇಜಿನ ಮೇಲಿಟ್ಟು ನಿಧಾನವಾಗಿ ಓದಿ. ಚೌಕದಲ್ಲಿರುವುದನ್ನು ಕಣ್ಣು ತಾನಾಗಿಯೇ ನೋಡಿಕೊಳ್ಳುತ್ತದೆ. ನೀವು ಚೌಕಗಳ ನಡುವೆ ನೋಡಿ. ಅಲ್ಲಿನ ಬಿಳಿಯ ಓಣಿಯಲ್ಲಿ ಒಬ್ಬ ನಿಂತಿರುತ್ತಾನೆ. ಅವನ ಗುರುತು ಹಿಡಿಯುವುದಕ್ಕೆ ಯಾವ ಪತ್ತೇದಾರನೂ ಬೇಕಾಗಿಲ್ಲ.