ಡಿ ಡ್ರೈವ್‌ನಲ್ಲಿಟ್ಟರೆ ಫೋಟೋ ಭದ್ರವೇ?

ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಮದುವೆಯ ವಿಡಿಯೋ, ಊರಿನ ಜಾತ್ರೆಯ ಫೋಟೋ, ಸಂಘದ ವಾರ್ಷಿಕೋತ್ಸವದ ಯಕ್ಷಗಾನ ಎಲ್ಲವೂ ಒಂದೇ ಹಳೆಯ ಕಂಪ್ಯೂಟರಿನಲ್ಲಿವೆ. ಅದು ನಿಧಾನವಾದಾಗ ಲ್ಯಾಮಿಂಗ್ಟನ್ ರಸ್ತೆಯಿಂದ ಹೊಸ ಹಾರ್ಡ್ ಡಿಸ್ಕ್ ಬರುತ್ತದೆ, ಬೆನ್ನಿಗೇ ನೆಂಟರಿಷ್ಟರ ಸಲಹೆಗಳೂ ಬರುತ್ತವೆ. ಅವುಗಳಲ್ಲಿ ಅತಿ ಹೆಚ್ಚು ಹಾನಿ ಮಾಡುವ ಮಾತು ಇದು: ‘ಸಿ ಡ್ರೈವ್ ಕೆಟ್ಟರೂ ಚಿಂತೆಯಿಲ್ಲ, ಫೋಟೋಗಳು ಡಿ ಡ್ರೈವ್‌ನಲ್ಲಿವೆ.’

ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನೊಳಗೆ ಗಡಿ ಎಳೆದು ಮಾಡಿದ ಭಾಗಗಳು, ಅಂದರೆ ಪಾರ್ಟಿಷನ್‌ಗಳು. ವಿಂಡೋಸ್ ಕೆಟ್ಟು ಮತ್ತೆ ಹಾಕುವಾಗ ಸಿ ಅಳಿಸಿ ಡಿಯನ್ನು ಉಳಿಸಿಕೊಳ್ಳಬಹುದು ಎಂಬುದು ನಿಜ. ಪಾರ್ಟಿಷನ್ನಿನ ಉಪಯೋಗ ಅಷ್ಟಕ್ಕೇ ಮುಗಿಯಿತು. ಒಳಗಿನ ಮೋಟರು ನಿಂತರೆ ಎರಡೂ ಒಟ್ಟಿಗೇ ಹೋಗುತ್ತವೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದಾಗ ಕಲ್ಯಾಣ, ಡೊಂಬಿವಲಿಯ ತಗ್ಗಿನ ಮನೆಗಳಿಗೂ ನೀರು ನುಗ್ಗಿತ್ತು. ನೆಲದ ಮೇಲಿಟ್ಟ ಕಂಪ್ಯೂಟರಿನಲ್ಲಿ ನಾಲ್ಕು ಪಾರ್ಟಿಷನ್ ಇದ್ದರೂ ಅಂಥ ನೀರಿಗೆ ಎಲ್ಲ ಒಂದೇ. ಬೇಕಿರುವುದು ಎರಡನೆಯ ಡಿಸ್ಕು, ಅದೂ ಬೇರೆ ಮನೆಯಲ್ಲಿ. ಡೊಂಬಿವಲಿಯವರು ನೆರೂಳಿನ ತಂಗಿಯ ಮನೆಯಲ್ಲೋ ಊರಿನಲ್ಲೋ ಒಂದು ಪ್ರತಿ ಇಡಲಿ.

1 ಟಿಬಿ ಡಿಸ್ಕು 931 ಜಿಬಿ ತೋರಿಸಿತೆಂದು ಅಂಗಡಿಯವರ ಜತೆ ಜಗಳಕ್ಕಿಳಿಯುವವರಿದ್ದಾರೆ. ಅಲ್ಲಿ ಮೋಸವಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಆದರೆ 3 ಟಿಬಿ ಡಿಸ್ಕಿನಲ್ಲಿ 2 ಟಿಬಿಯಷ್ಟೇ ಬಳಸಲು ಸಿಕ್ಕರೆ ಕಾರಣ ಬೇರೆ. ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಪದ್ಧತಿಯ ಮಿತಿಯೇ ಅಷ್ಟು. ಫೈಲು ತುಂಬುವ ಮೊದಲೇ ಜಿಪಿಟಿ ಆರಿಸಿಕೊಂಡರೆ ಪೂರ್ತಿ ಜಾಗ ಸಿಗುತ್ತದೆ.

ಇನ್ನೊಂದು ಗೊಂದಲ ಯಕ್ಷಗಾನದ ವಿಡಿಯೋ ಇರುವವರಿಗೆ ಚೆನ್ನಾಗಿ ಗೊತ್ತು. ಡಿಸ್ಕಿನಲ್ಲಿ 500 ಜಿಬಿ ಖಾಲಿ ಇದೆ, ಪ್ರಸಂಗದ ಫೈಲು 7 ಜಿಬಿ, ಆದರೂ ಫೈಲು ದೊಡ್ಡದಾಯಿತೆಂದು ಕಂಪ್ಯೂಟರು ಕಾಪಿ ಮಾಡಲು ಒಪ್ಪುವುದಿಲ್ಲ. ‘ಡಿಸ್ಕೇ ಡೂಪ್ಲಿಕೇಟು’ ಎಂದು ಹಿಂದಿರುಗಿಸಲು ಹೊರಡಬೇಡಿ. ಅದನ್ನು ಫ್ಯಾಟ್ 32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿರುತ್ತಾರೆ. ಅದರಲ್ಲಿ 4 ಜಿಬಿ ದಾಟಿದ ಒಂಟಿ ಫೈಲಿಗೆ ಜಾಗವಿಲ್ಲ. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸಾಕು. ಮಗನ ಹತ್ತಿರ ಮ್ಯಾಕ್ ಇದ್ದರೆ ಎಕ್ಸ್‌ಫ್ಯಾಟ್ ಒಳ್ಳೆಯದು, ಎರಡೂ ಕಡೆ ಓದಲೂ ಬರೆಯಲೂ ಆಗುತ್ತದೆ.

ಫೈಲು ಸಾಗಿಸುವಾಗ ‘ಕಟ್-ಪೇಸ್ಟ್ ಮಾಡಿದರೆ ಬೇಗ’ ಎನ್ನುತ್ತಾರೆ. ಒಂದೇ ಪಾರ್ಟಿಷನ್ನಿನ ಒಳಗೆ ಅದು ನಿಜ, ಅಲ್ಲಿ ಬದಲಾಗುವುದು ಫೈಲಿನ ವಿಳಾಸ ಮಾತ್ರ. ಇನ್ನೊಂದು ಡಿಸ್ಕಿಗಾದರೆ ಕಂಪ್ಯೂಟರು ಪ್ರತಿಯೊಂದನ್ನೂ ನಕಲು ಮಾಡಿ ಮೂಲವನ್ನು ಅಳಿಸಲೇಬೇಕು, ಸಮಯವೇನೂ ಉಳಿಯದು. ನಡುವೆ ಕರೆಂಟು ಹೋದರೆ ಅರ್ಧ ಇಲ್ಲಿ, ಅರ್ಧ ಅಲ್ಲಿ. ಕಾಪಿಯನ್ನೇ ಮಾಡಿ. ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆ, ಗಾತ್ರ ಹೋಲಿಸಿ. ಕೆಲವು ವಿಡಿಯೋಗಳನ್ನು ನಡುವಿನಿಂದ, ಕೊನೆಯಿಂದ ಓಡಿಸಿ ನೋಡಿ. ಹಳೆಯದನ್ನು ಆಮೇಲೆ ಮುಟ್ಟಿ.

ಕೊನೆಗೆ ಹಳೆಯ ಡಿಸ್ಕು ಭಂಗಾರ್‌ನವನ ಕೈಗೆ ಹೋಗುತ್ತದೆ. ‘ಫಾರ್ಮ್ಯಾಟ್ ಮಾಡಿದ್ದೇನೆ, ಏನೂ ಉಳಿದಿಲ್ಲ’ ಎಂಬ ನಂಬಿಕೆ ನನಗೆ ನಿಜವಾಗಿ ಭಯ ಹುಟ್ಟಿಸುತ್ತದೆ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಸೂಚಿಯನ್ನಷ್ಟೇ. ಪಾನ್ ಕಾರ್ಡು, ಪಾಸ್‌ಬುಕ್ಕಿನ ಸ್ಕ್ಯಾನುಗಳು ಒಳಗೇ ಇರುತ್ತವೆ, ಉಚಿತವಾಗಿ ಸಿಗುವ ರಿಕವರಿ ತಂತ್ರಾಂಶವೂ ಅವನ್ನು ಹೊರತೆಗೆಯಬಲ್ಲದು. ಕ್ವಿಕ್ ಎಂಬಲ್ಲಿನ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ. ವಿಸ್ತಾದಿಂದ ಈಚಿನ ವಿಂಡೋಸ್ ಆಗ ಇಡೀ ಪಾರ್ಟಿಷನ್ನಿನ ಮೇಲೆ ಸೊನ್ನೆ ಬರೆಯುತ್ತದೆ. ಗಂಟೆಗಟ್ಟಲೆ ಹಿಡಿದರೂ ಕಾಯಿರಿ. ಎಸ್‌ಎಸ್‌ಡಿ ಆದರೆ ತಯಾರಕರದೇ ಅಳಿಸುವ ತಂತ್ರಾಂಶ ಬಳಸಿ.

ಕ್ವಿಕ್ ಫಾರ್ಮ್ಯಾಟ್ ಸೂಚಿಯನ್ನಷ್ಟೇ ಅಳಿಸುವುದರಿಂದ, ಬೇಕಾದ ಹಾರ್ಡ್ ಡಿಸ್ಕನ್ನೇ ತಪ್ಪಿ ಹಾಗೆ ಫಾರ್ಮ್ಯಾಟ್ ಮಾಡಿದವರಿಗೂ ದಾರಿಯುಂಟು. ಅದಕ್ಕೆ ಒಂದೇ ಒಂದು ಹೊಸ ಫೈಲೂ ಹಾಕದೆ ತಕ್ಷಣ ಕಳಚಿಡಿ. ರಿಕವರಿ ತಂತ್ರಾಂಶವನ್ನು ಬೇರೆ ಕಂಪ್ಯೂಟರಿನಲ್ಲಿ ಹಾಕಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿ.