ಕ್ಯಾಮೆರಾ ಕಾಯ್ದ ಮಹಲುಗಳು

2001ರ ಕೊನೆಯಲ್ಲಿ ತೆರೆಕಂಡ ‘ಕಭಿ ಖುಷಿ ಕಭಿ ಗಮ್’ ನೋಡಿದವರು ರಾಯ್‌ಚಂದ್ ಕುಟುಂಬದ ಬಂಗಲೆಯನ್ನು ಮರೆತಿರಲಾರರು. ಮನೆಮಗ ಶಾರುಖ್ ಖಾನ್ ಹೆಲಿಕಾಪ್ಟರ್‌ನಿಂದ ಇಳಿದು ಅಮ್ಮನತ್ತ ಓಡಿ ಬರುತ್ತಾನೆ. ಹಿಂದೆ ಗೋಪುರ, ಮೊನಚು ಚಾವಣಿ, ಕಣ್ಣಳತೆ ಮೀರಿದ ಹುಲ್ಲುಹಾಸು. ಕತೆಯಲ್ಲಿ ಅದು ದೆಹಲಿ. ನಿಜದಲ್ಲಿ ಇಂಗ್ಲೆಂಡಿನ ಬಕಿಂಗ್‌ಹ್ಯಾಮ್‌ಶೈರ್. ಮನೆಯ ಹೆಸರು ವ್ಯಾಡ್ಸ್‌ಡನ್ ಮ್ಯಾನರ್. ರಾತ್‌ಶೀಲ್ಡ್ ಬ್ಯಾಂಕಿಂಗ್ ಮನೆತನದ ಫರ್ಡಿನಂಡ್ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಫ್ರಾನ್ಸಿನ ಕೋಟೆಮನೆಗಳ ಮಾದರಿಯಲ್ಲಿ ಅದನ್ನು ಕಟ್ಟಿಸಿದ. 1957ರಲ್ಲಿ ಅದು ಪಾರಂಪರಿಕ ತಾಣಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್‌ಗೆ ಸೇರಿತು. ಒಳಗಿನ ವೈಭವದ ಹಜಾರ ಮಾತ್ರ ಮುಂಬೈನಲ್ಲಿ ಹಾಕಿದ ಸೆಟ್.

ಇಂಥ ಮಹಲುಗಳು ಇಂಗ್ಲೆಂಡಿನ ಹಳ್ಳಿಗಾಡಿನ ತುಂಬ ಇವೆ. ಇವು ‘ಕಂಟ್ರಿ ಹೌಸ್’ಗಳು. ಸಾವಿರಾರು ಎಕರೆ ಜಮೀನಿನ ಗೇಣಿಯ ಮೇಲೆ ನಿಂತಿದ್ದ ಶ್ರೀಮಂತ ಮನೆತನಗಳ ಬೀಡುಗಳು. 1870ರ ದಶಕದಿಂದ ಅಮೆರಿಕದ ಅಗ್ಗದ ಗೋಧಿ ಬಂದು ಬೀಳತೊಡಗಿದಾಗ ಗೇಣಿ ಕುಸಿಯಿತು. 1894ರಲ್ಲಿ ಒಡೆಯ ಸತ್ತರೆ ಆಸ್ತಿಯ ಮೇಲೆ ಕಟ್ಟಬೇಕಾದ ತೆರಿಗೆ ಬಂತು. ಮೊದಲ ಮಹಾಯುದ್ಧ ವಾರಸುದಾರರನ್ನೂ ಆಳುಕಾಳುಗಳನ್ನೂ ಕಿತ್ತುಕೊಂಡಿತು. 20ನೇ ಶತಮಾನದಲ್ಲಿ ಒಂದು ಸಾವಿರಕ್ಕೂ ಹೆಚ್ಚು ಮಹಲುಗಳು ನೆಲಸಮವಾದವು. 1974ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಈ ವಿನಾಶವನ್ನೇ ವಸ್ತುವಾಗಿಸಿ ಪ್ರದರ್ಶನ ಏರ್ಪಡಿಸಿದಾಗ ಜನ ಬೆಚ್ಚಿಬಿದ್ದರು.

ಉಳಿದ ಮನೆಗಳ ಸೋರುವ ಮಾಡಿಗೆ ದುಡ್ಡು ತರುವ ಹೊಸ ದಾರಿಯಾಗಿ ಬಂದದ್ದು ಕ್ಯಾಮೆರಾ.

ಯಾರ್ಕ್‌ಶೈರ್‌ನ ಕಾಸಲ್ ಹೊವಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಜಾನ್ ವ್ಯಾನ್‌ಬ್ರೂ ವಿನ್ಯಾಸದಲ್ಲಿ 1699ರಲ್ಲಿ ಶುರುವಾದ ಈ ಅರಮನೆ ಪೂರ್ಣಗೊಳ್ಳಲು ನೂರು ವರ್ಷ ಮೀರಿತು. 1940ರಲ್ಲಿ ಬೆಂಕಿ ಬಿದ್ದು ಅದರ ಹೆಮ್ಮೆಯ ಗುಮ್ಮಟವೇ ಉರಿದು ಒಳಗೆ ಕುಸಿಯಿತು, ಸಾಲುಸಾಲು ಕೋಣೆಗಳು ಬೂದಿಯಾದವು. ಗುಮ್ಮಟವನ್ನು 1960ರ ದಶಕದ ಆರಂಭದಲ್ಲಿ ಮತ್ತೆ ಕಟ್ಟಿದರು. ಆಮೇಲೆ 1981ರಲ್ಲಿ ಪ್ರಸಾರವಾದ ‘ಬ್ರೈಡ್ಸ್‌ಹೆಡ್ ರೀವಿಸಿಟೆಡ್’ ಧಾರಾವಾಹಿ ಬಂತು. ಅದನ್ನು ಇಲ್ಲಿ ಚಿತ್ರೀಕರಿಸಿದ ಗ್ರನಾಡಾ ಕಂಪನಿ ಕೊಟ್ಟ ಹಣದಿಂದ, ಸುಟ್ಟುಹೋಗಿದ್ದ ಗಾರ್ಡನ್ ಹಾಲ್ ಎಂಬ ಕೋಣೆ ಮರುಹುಟ್ಟು ಪಡೆಯಿತು. ಕತೆಯ ನಾಯಕ ಗೋಡೆಗೆ ಚಿತ್ರ ಬರೆಯುವುದು ಈ ಕೋಣೆಯಲ್ಲೇ. ಅವನ ಹೆಸರಿನಲ್ಲಿ ಕಲಾವಿದ ಫೆಲಿಕ್ಸ್ ಕೆಲ್ಲಿ ಬರೆದ ಭಿತ್ತಿಚಿತ್ರಗಳು ಇಂದಿಗೂ ಅಲ್ಲಿವೆ. ಇನ್ನೊಂದು ಸೋಜಿಗ: ಧಾರಾವಾಹಿ ಪ್ರಸಾರವಾಗಿದ್ದು ಐಟಿವಿಯಲ್ಲಿ, ಆ ಹೊತ್ತಿಗೆ ಮನೆಯ ಒಡೆಯ ಜಾರ್ಜ್ ಹೊವಾರ್ಡ್ ಎದುರಾಳಿ ಬಿಬಿಸಿಯ ಅಧ್ಯಕ್ಷರಾಗಿದ್ದರು! ಈಚಿನ ಪ್ರೇಕ್ಷಕರು ಇದೇ ಮನೆಯನ್ನು ‘ಬ್ರಿಜರ್ಟನ್’ನ ಮೊದಲ ಸೀಸನ್‌ನಲ್ಲಿ ಡ್ಯೂಕ್‌ನ ಮನೆಯಾಗಿ ಕಂಡಿದ್ದಾರೆ.

ಆದರೆ ಲೋಕಪ್ರಸಿದ್ಧಿಯಲ್ಲಿ ಹೈಕ್ಲಿಯರ್ ಕಾಸಲ್‌ಗೆ ಸಾಟಿ ಇಲ್ಲ. ಹ್ಯಾಂಪ್‌ಶೈರ್‌ನ ಈ ಮನೆ 1679ರಿಂದಲೂ ಕಾರ್ನಾರ್ವನ್ ಮನೆತನದ ಕೈಯಲ್ಲಿದೆ. ಲಂಡನ್ನಿನ ಪಾರ್ಲಿಮೆಂಟ್ ಭವನಕ್ಕೆ ರೂಪ ಕೊಟ್ಟ ಚಾರ್ಲ್ಸ್ ಬ್ಯಾರಿಯೇ 1840ರ ದಶಕದಲ್ಲಿ ಇದಕ್ಕೂ ಈಗಿನ ರೂಪ ಕೊಟ್ಟವನು. ಈ ಮನೆತನದ ಐದನೆಯ ಅರ್ಲ್ ಕೊಟ್ಟ ಹಣದಿಂದಲೇ ಹೊವಾರ್ಡ್ ಕಾರ್ಟರ್ 1922ರಲ್ಲಿ ಈಜಿಪ್ಟಿನ ತೂತಾಂಖಾಮನ್ ಸಮಾಧಿ ಪತ್ತೆಹಚ್ಚಿದ್ದು. ಇಷ್ಟೆಲ್ಲ ಹಿರಿಮೆಯ ಮನೆಯೂ 2009ರ ಸುಮಾರಿಗೆ ದುಃಸ್ಥಿತಿಯಲ್ಲಿತ್ತು. ಮೇಲಂತಸ್ತಿನ ಎಷ್ಟೋ ಕೋಣೆಗಳು ವಾಸಕ್ಕೆ ಯೋಗ್ಯವಾಗಿರಲಿಲ್ಲ. ಮನೆ, ಎಸ್ಟೇಟು ಸೇರಿ ದುರಸ್ತಿಗೆ ಬೇಕಾದ ಹಣವನ್ನು ಆಗ ಸುಮಾರು 1.2 ಕೋಟಿ ಪೌಂಡ್ ಎಂದು ಅಂದಾಜಿಸಲಾಗಿತ್ತು. 2010ರಲ್ಲಿ, ಇಲ್ಲೇ ಚಿತ್ರೀಕರಿಸಿದ ‘ಡೌನ್‌ಟನ್ ಆಬಿ’ ಧಾರಾವಾಹಿ ಶುರುವಾಯಿತು. ಆರು ಸೀಸನ್‌ಗಳು ಮುಗಿಯುವಷ್ಟರಲ್ಲಿ ಪ್ರವಾಸಿಗರ ಸಾಲು ಬೆಳೆದು, ಟಿಕೆಟ್ಟಿನ ಹಣ ಮಾಡಿನ ರಿಪೇರಿಗೆ ಹರಿಯಿತು. ನಂತರ ಸಿನಿಮಾಗಳೂ ಬಂದವು.

ಡೌನ್‌ಟನ್‌ನ ಕತೆ ನಡೆಯುವುದು ಎರಡು ಲೋಕಗಳಲ್ಲಿ: ಮೇಲೆ ಯಜಮಾನರು, ಕೆಳಗೆ ಅಡುಗೆಯವರು, ಆಳುಗಳು. ಹೈಕ್ಲಿಯರ್‌ನ ನೆಲಮಾಳಿಗೆ ಹಳೆಯ ಅಡುಗೆಮನೆಯ ಚಹರೆಯನ್ನು ಎಂದೋ ಕಳೆದುಕೊಂಡಿತ್ತು. ಅಲ್ಲೀಗ ಈಜಿಪ್ಟ್ ವಸ್ತುಗಳ ಪ್ರದರ್ಶನವಿದೆ. ಹಾಗಾಗಿ ಆಳುಗಳ ಲೋಕವನ್ನು ಲಂಡನ್ನಿನ ಈಲಿಂಗ್ ಸ್ಟುಡಿಯೋದಲ್ಲಿ ಕಟ್ಟಿದರು. ಪರಿಚಾರಕ ಸೂಪಿನ ಪಾತ್ರೆ ಹಿಡಿದು ಅಡುಗೆಮನೆಯಿಂದ ಹೊರಟು ಮೆಟ್ಟಿಲು ಹತ್ತುತ್ತಾನೆ, ಅದು ಈಲಿಂಗ್. ಮುಂದಿನ ಕ್ಷಣ ವ್ಯಾನ್ ಡೈಕ್ ಬರೆದ ಒಂದನೇ ಚಾರ್ಲ್ಸ್ ದೊರೆಯ ಬೃಹತ್ ಚಿತ್ರದ ಕೆಳಗೆ, ಊಟದ ಮೇಜಿನ ಬಳಿ ಬಾಗುತ್ತಾನೆ, ಅದು ಹೈಕ್ಲಿಯರ್. ನಡುವಿನ ಹಾದಿ ಕಾರಿನಲ್ಲಿ ಗಂಟೆಗೂ ಹೆಚ್ಚು. ಎರಡೂ ಕಡೆ ಸೂಪು ಒಂದೇ ಮಟ್ಟದಲ್ಲಿರಬೇಕು, ಕೈಗವಸಿನ ಮಡಿಕೆ ಒಂದೇ ರೀತಿ ಇರಬೇಕು. ನೋಡುಗನಿಗೆ ಗೊತ್ತೇ ಆಗದಂತೆ ಮಾಡಿದ ಈ ಹೊಲಿಗೆಯೇ ಚಿತ್ರೀಕರಣದ ಕಸುಬಿನ ಜೀವಾಳ.

ಬೇರೆ ಬೇರೆ ಮನೆಗಳನ್ನು ಸೇರಿಸಿ ಒಂದು ಮನೆ ಮಾಡುವುದು ಇಲ್ಲಿ ವಾಡಿಕೆ. 1995ರ ಬಿಬಿಸಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಕಥಾನಾಯಕ ಡಾರ್ಸಿಯ ಮಹಲು ಪೆಂಬರ್ಲಿಯ ಹೊರಭಾಗ ಚೆಷೈರ್‌ನ ಲೈಮ್ ಪಾರ್ಕ್, ಒಳಭಾಗ ಡರ್ಬಿಶೈರ್‌ನ ಸಡ್‌ಬರಿ ಹಾಲ್. ಮುಂಬೈನಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚೆಂಟ್ ನಿರ್ಮಾಪಕರಲ್ಲೊಬ್ಬರಾಗಿದ್ದ ‘ದಿ ರಿಮೇನ್ಸ್ ಆಫ್ ದಿ ಡೇ’ (1993) ಚಿತ್ರದ ಡಾರ್ಲಿಂಗ್‌ಟನ್ ಹಾಲ್ ಅಂತೂ ಡೈರಮ್ ಪಾರ್ಕ್, ಪೌಡರಮ್, ಕಾರ್ಶಮ್ ಕೋರ್ಟ್, ಬ್ಯಾಡ್ಮಿಂಟನ್ ಹೌಸ್ ಎಂಬ ನಾಲ್ಕು ಮನೆಗಳ ಕೂಡಿಕೆ. ಬಜೆಟ್ ಬಿಗಿಯಾಗಿದ್ದರೂ ಚಿತ್ರತಂಡಕ್ಕೆ ತಾವೇ ಕರಿ ಬೇಯಿಸಿ ಬಡಿಸಿ ಹುರುಪು ತುಂಬುತ್ತಿದ್ದರೆಂದು ಮರ್ಚೆಂಟ್ ಹೆಸರಾಗಿದ್ದರು. ಬ್ರಿಟಿಷರ ಮಹಲುಗಳನ್ನು ಜಗತ್ತಿಗೆ ಅಷ್ಟು ಸೊಗಸಾಗಿ ತೋರಿಸಿದವರಲ್ಲಿ ಒಬ್ಬರು ಭಾರತೀಯ ಎಂಬುದು ಸಣ್ಣ ಮಾತಲ್ಲ.

ಶೂಟಿಂಗ್ ಎಂದರೆ ಇಂಥ ಮನೆಗಳಿಗೆ ಆದಾಯವೂ ಹೌದು, ಆತಂಕವೂ ಹೌದು. ಬಿರುಸಾದ ಬೆಳಕಿಗೆ ಹಳೆಯ ರೇಷ್ಮೆ, ಜಮಖಾನೆಗಳ ಬಣ್ಣ ಮಾಸುತ್ತದೆ. ಮೇಣದಬತ್ತಿಯ ಹೊಗೆ ಚಿತ್ತಾರದ ಚಾವಣಿಗೆ ಅಂಟುತ್ತದೆ. ಲೈಟ್ ಸ್ಟ್ಯಾಂಡಿನ ಕಾಲಿಗೆ ಮೆತ್ತೆ ಕಟ್ಟಬೇಕು, ನೆಲಕ್ಕೆ ಹಲಗೆ ಹಾಸಬೇಕು. ಕ್ಯಾಮೆರಾ ಓಡುವಷ್ಟು ಹೊತ್ತೂ ಮನೆಯ ಕಡೆಯವರೊಬ್ಬರು ಮೂಲೆಯಲ್ಲಿ ನಿಂತು ಕಾಯುತ್ತಾರೆ. ನಟ ಆತುಕೊಂಡು ನಿಂತ ಮೇಜು ಇನ್ನೂರೈವತ್ತು ವರ್ಷ ಹಳೆಯದು ಎಂಬ ನೆನಪು ಅವರಿಗಿರುವಷ್ಟು ಬೇರೆ ಯಾರಿಗೂ ಇರುವುದಿಲ್ಲ.

ಕ್ಯಾಮೆರಾದಿಂದ ಹೆಸರಾದ ಮನೆಗೆ ನಮ್ಮ ಕಡೆಯೂ ಹತ್ತಿರದ ಉದಾಹರಣೆ ಇದೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಚಿತ್ರಿಸಿದ ಆಗುಂಬೆಯ ದೊಡ್ಡಮನೆಯನ್ನು ನೋಡಲು ಇಂದಿಗೂ ಜನ ಹೋಗುತ್ತಾರೆ. ಕತೆಯ ಹುಡುಗ ಸ್ವಾಮಿ ಓಡಾಡಿದ ಕಂಬಗಳ ಪಡಸಾಲೆ ಸರ್ಕಾರದ್ದೂ ಅಲ್ಲ, ಟ್ರಸ್ಟಿನದ್ದೂ ಅಲ್ಲ. ಅದು ಒಂದು ಕುಟುಂಬ ಬಾಳುತ್ತ ಬಂದ ಮನೆ.

ಇಂಗ್ಲೆಂಡಿನ ಮಹಲುಗಳ ವಿಷಯದಲ್ಲಿ ಭಾರತೀಯ ಓದುಗರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ ಇದೆ: ಕಟ್ಟಿದ ಹಣ ಯಾರದು? ಬರ್ಕ್‌ಶೈರ್‌ನ ಬ್ಯಾಸಿಲ್ಡನ್ ಪಾರ್ಕ್ ನೋಡಿ. 2005ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನಲ್ಲಿ ಡಾರ್ಸಿಯ ಗೆಳೆಯ ಬಿಂಗ್ಲಿಯ ಮನೆ ನೆದರ್‌ಫೀಲ್ಡ್ ಇದೇ, ಡೌನ್‌ಟನ್ ಕುಟುಂಬದ ಲಂಡನ್ ಮನೆಯ ಒಳಾಂಗಣವೂ ಇದೇ. 1776ರಲ್ಲಿ ಇದನ್ನು ಕಟ್ಟಲು ತೊಡಗಿದ ಫ್ರಾನ್ಸಿಸ್ ಸೈಕ್ಸ್, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ಬಂಗಾಳದ ದಿವಾನಿ, ಅಂದರೆ ಕಂದಾಯ ವಸೂಲಿಯ ಹಕ್ಕು ಕಂಪನಿಯ ಕೈಸೇರಿದ 1765ರ ನಂತರ ಮುರ್ಷಿದಾಬಾದಿನ ನವಾಬರ ಆಸ್ಥಾನದಲ್ಲಿ ರೆಸಿಡೆಂಟ್, ಅಂದರೆ ಕಂಪನಿಯ ಪ್ರತಿನಿಧಿ ಆಗಿದ್ದವನು. ಅಲ್ಲಿ ಗಳಿಸಿ ತಂದ ಸಂಪತ್ತೇ ಜಾನ್ ಕಾರ್‌ನ ವಿನ್ಯಾಸದಲ್ಲಿ ಜೇನುಬಣ್ಣದ ಕಲ್ಲಿನ ಮಹಲಾಯಿತು. 20ನೇ ಶತಮಾನದ ಮೊದಲರ್ಧದಲ್ಲಿ ಹಾಳುಬಿದ್ದು, ಒಳಗಿನ ಅಲಂಕಾರ ನ್ಯೂಯಾರ್ಕಿನ ಹೋಟೆಲಿಗೆ ಮಾರಾಟವಾಗಿ, ಯುದ್ಧಕಾಲದಲ್ಲಿ ಸೈನಿಕರ ಬೀಡಾಗಿತ್ತು. 1950ರ ದಶಕದಲ್ಲಿ ಕೊಂಡ ಐಲಿಫ್ ದಂಪತಿ, ಕೆಡವುತ್ತಿದ್ದ ಕಾರ್‌ನದೇ ಇನ್ನೊಂದು ಮನೆಯಿಂದ ಬಾಗಿಲುಗಳನ್ನು ತಂದು ಇಲ್ಲಿ ಕೂರಿಸಿದರು. 1978ರಲ್ಲಿ ಮನೆಯನ್ನು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು.

2020ರ ಸೆಪ್ಟೆಂಬರ್‌ನಲ್ಲಿ ಟ್ರಸ್ಟ್ ತನ್ನ ಆಸ್ತಿಗಳಿಗೆ ವಸಾಹತುಶಾಹಿ ಮತ್ತು ಗುಲಾಮಗಿರಿಯ ಜೊತೆಗಿದ್ದ ನಂಟಿನ ವರದಿ ಪ್ರಕಟಿಸಿತು. ಅದರಲ್ಲಿ 93 ತಾಣಗಳ ಹೆಸರಿತ್ತು. ಬ್ರಿಟನ್ನಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಸುಂದರ ಮನೆಗಳ ಸಂತೋಷ ಕೆಡಿಸಬೇಡಿ ಎಂದವರೂ ಇದ್ದರು. ಆದರೆ ಮುರ್ಷಿದಾಬಾದಿನ ಕಂದಾಯ ಗೊತ್ತಾದ ಮಾತ್ರಕ್ಕೆ ಬ್ಯಾಸಿಲ್ಡನ್ನಿನ ಮೆಟ್ಟಿಲುಗಳ ಚೆಲುವು ಕಡಿಮೆಯಾಗದು. ಅದರ ಕತೆ ಇನ್ನಷ್ಟು ದೊಡ್ಡದಾಗುತ್ತದೆ. ಬಿಂಗ್ಲಿಯ ನೃತ್ಯಕೂಟವನ್ನು ಅಷ್ಟು ಮನೋಹರವಾಗಿ ತೋರಿಸಿದ ಆ ಮನೆಯಲ್ಲಿ ಸೈಕ್ಸ್‌ನ ಕತೆಯನ್ನೇ ಚಿತ್ರೀಕರಿಸಲು ಒಬ್ಬ ನಿರ್ದೇಶಕ ಮುಂದೆ ಬರಬೇಕು. ಆ ನಿರ್ದೇಶಕ ಕೋಲ್ಕತ್ತದಿಂದ ಬಂದರಂತೂ ಇನ್ನೂ ಒಳ್ಳೆಯದು.