ಸೇನಾನಿಗಳ ಹಸ್ತಾಕ್ಷರವುಳ್ಳ ಯುದ್ಧಕಾಲದ ಛಾಯಾಚಿತ್ರಗಳು: ಸಂಗ್ರಹ ಮತ್ತು ಪ್ರಾಮಾಣ್ಯ

ಚರಿತ್ರೆಯ ಆಧಾರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನೆನಪಿಗೆ ಬರುವುವು. ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗಿದ ಪಟವನ್ನು ಆ ಸಾಲಿಗೆ ಸೇರಿಸುವ ರೂಢಿ ನಮ್ಮಲ್ಲಿ ಇನ್ನೂ ಬಲಿತಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತಣ ಊರುಗಳಲ್ಲಿ ಸೈನ್ಯದಲ್ಲಿ ದುಡಿದವರ ಮನೆಗಳುಂಟು. ಸೇನಾನಿಯೊಬ್ಬನು ಸಹಿ ಮಾಡಿ ಕೊಟ್ಟ ಭಾವಚಿತ್ರ ಅಂಥ ಮನೆಯಲ್ಲಿ ದೊರೆಯುವುದು ಅಸಂಭವವಲ್ಲ. ಇಂಥ ಪಟಗಳಿಗೆ ಈಗ ಮಾರುಕಟ್ಟೆಯಿದೆ; ಬೆಲೆಯಿದ್ದಲ್ಲಿ ನಕಲೂ ಇರುವುದು ಸಹಜವೇ ಸರಿ. ಅವುಗಳನ್ನು ಪರೀಕ್ಷಿಸುವ ಕ್ರಮವನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಒಂದು ಎಲ್ಲೆಯನ್ನು ಗುರುತಿಸಿಕೊಳ್ಳೋಣ. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸನ ಸೈನ್ಯಕ್ಕೂ ಕದನ ನಡೆಯಿತು. ಆಗ ಛಾಯಾಗ್ರಹಣವೇ ಹುಟ್ಟಿರಲಿಲ್ಲ. ಅದು ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಆ ಕದನದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯು ಮುಂದೆ ವೆಲಿಂಗ್ಟನ್ ಡ್ಯೂಕನಾಗಿ, 1844ರಲ್ಲಿ, ತನ್ನ 75ನೆಯ ವಯಸ್ಸಿನಲ್ಲಿ, ಲಂಡನ್ನಿನಲ್ಲಿ ಆಂಟ್ವಾನ್ ಕ್ಲೋಡೆ ಎಂಬವನಿಂದ ಛಾಯಾಚಿತ್ರ ತೆಗೆಸಿಕೊಂಡನು. ಅದು ಮಳವಳ್ಳಿಯಲ್ಲಿ ಕಾದಿದವನ ನಿಜವಾದ ಛಾಯಾಚಿತ್ರವೇನೋ ಹೌದು. ಆದರೆ ಮಳವಳ್ಳಿಯ ಕದನಕಾಲದ ಚಿತ್ರವಲ್ಲ. ವ್ಯಕ್ತಿ ನಿಜನಾದ ಮಾತ್ರಕ್ಕೆ ಕಾಲವೂ ನಿಜವಾಗದು.

ಹಸ್ತಾಕ್ಷರವುಳ್ಳ ಪ್ರತಿಯೊಂದು ಛಾಯಾಚಿತ್ರಕ್ಕೂ ಮೂರು ಕಾಲಗಳುಂಟು: ಚಿತ್ರ ತೆಗೆದ ಕಾಲ, ಆ ಪ್ರತಿಯನ್ನು ಮುದ್ರಿಸಿದ ಕಾಲ, ಸಹಿ ಮಾಡಿದ ಕಾಲ. ಇವು ಮೂರೂ ಒಂದೇ ಎಂದು ಭಾವಿಸುವುದರಿಂದಲೇ ಬಹುಪಾಲು ಪ್ರಮಾದಗಳು ಹುಟ್ಟುತ್ತವೆ.

ಚಿತ್ರ ತೆಗೆದ ಕಾಲವನ್ನು ಸಮವಸ್ತ್ರವೇ ಹೇಳಬಲ್ಲುದು. 1950ರಲ್ಲಿ ಭಾರತವು ಗಣರಾಜ್ಯವಾದ ಮೇಲೆ ಸೇನಾಧಿಕಾರಿಗಳ ಭುಜದ ಲಾಂಛನದಲ್ಲಿದ್ದ ಬ್ರಿಟಿಷ್ ಕಿರೀಟ ಹೋಗಿ ಅಶೋಕನ ಸಿಂಹಲಾಂಛನ ಬಂದಿತು. ಸಹಿಯ ಕೆಳಗೆ ದರ್ಜೆಯನ್ನು ಬರೆದಿದ್ದರೆ ಇನ್ನಷ್ಟು ಅನುಕೂಲ. ಕೆ. ಎಸ್. ತಿಮ್ಮಯ್ಯನವರು 1948ರ ನವೆಂಬರಿನಲ್ಲಿ ಜೋಜಿಲಾ ಕಣಿವೆಯನ್ನು ಗೆದ್ದಾಗ ಮೇಜರ್ ಜನರಲ್. ಭೂಸೇನೆಯ ಮುಖ್ಯಸ್ಥರಾದದ್ದು 1957ರಲ್ಲಿ. ಕೆ. ಎಂ. ಕಾರಿಯಪ್ಪನವರು 1949ರ ಜನವರಿ 15ರಂದು ಮಹಾದಂಡನಾಯಕರಾದರು. ಫೀಲ್ಡ್ ಮಾರ್ಷಲ್ ಪದವಿ ಬಂದದ್ದು 1986ರಲ್ಲಿ. 1949ರ ಚಿತ್ರದ ಮೇಲೆ ಫೀಲ್ಡ್ ಮಾರ್ಷಲ್ ಎಂಬ ದರ್ಜೆಯೊಡನೆ ಸಹಿಯಿದ್ದರೆ ಅದು ಸುಳ್ಳೆಂದೇನೂ ಅಲ್ಲ. 37 ವರ್ಷಗಳಾದರೂ ಕಳೆದ ಮೇಲೆ ಮಾಡಿದ ಸಹಿ ಎಂದಷ್ಟೇ ಅರ್ಥ.

ಮುದ್ರಣದ ಕಾಲವನ್ನು ಕಾಗದದಿಂದ ಊಹಿಸಬೇಕು. 1950ರ ದಶಕದಿಂದೀಚೆಗೆ ಛಾಯಾಚಿತ್ರದ ಕಾಗದಕ್ಕೆ ಬಿಳುಪು ಹೆಚ್ಚಿಸುವ ದ್ರವ್ಯಗಳನ್ನು ಸೇರಿಸುವುದು ರೂಢಿಗೆ ಬಂದಿತು. ಅಂಥ ಕಾಗದ ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆಯುತ್ತದೆ. ಹೊಳೆಯುವ ಕಾಗದ ಮಹಾಯುದ್ಧಗಳ ಕಾಲದ್ದಾಗಿರಲಾರದು. ಹೊಳೆಯದಿದ್ದರೆ ಹಳೆಯದೆಂದು ಮಾತ್ರ ಸಿದ್ಧವಾಗುವುದಿಲ್ಲ. ಸಹಿಯನ್ನು ಭೂತಗನ್ನಡಿಯಲ್ಲಿ ನೋಡಬೇಕು. ಶಾಯಿಯ ಸಹಿ ಚಿತ್ರದ ಮೇಲ್ಪದರದಲ್ಲಿ ಕುಳಿತಿರುತ್ತದೆ. ಓರೆಬೆಳಕಿನಲ್ಲಿ ಅದರ ಹೊಳಪು ಬೇರೆಯಾಗಿ ಕಾಣುವುದುಂಟು. ಚಿತ್ರದೊಡನೆಯೇ ಅಚ್ಚಾದ ಸಹಿಗೆ ಈ ಭೇದವಿಲ್ಲ. ಬಾಲ್‌ಪಾಯಿಂಟ್ ಲೇಖನಿ ಅಮೆರಿಕದ ಪೇಟೆಗೆ ಬಂದದ್ದೇ 1945ರಲ್ಲಾದ್ದರಿಂದ, 1918ರದೆನ್ನುವ ಸಹಿ ಆ ಲೇಖನಿಯದಾಗಿದ್ದರೆ ವಿಚಾರ ಅಲ್ಲಿಗೇ ಮುಗಿಯಿತು.

ಚಿತ್ರದ ಹಿಂಬದಿಯ ಬರಹವೂ ಸಾಕ್ಷಿಯೇ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ದಳವು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದ ಸಂಗತಿ ಸುಪ್ರಸಿದ್ಧ. ಆ ಕಾಲದ ಚಿತ್ರವೊಂದರ ಬೆನ್ನಿಗೆ ‘ಮಂಡ್ಯ ಜಿಲ್ಲೆ, ಮಳವಳ್ಳಿ ತಾಲ್ಲೂಕು’ ಎಂದಿದೆಯೆನ್ನೋಣ. ಮಂಡ್ಯ ಜಿಲ್ಲೆ ರೂಪುಗೊಂಡದ್ದು 1939ರಲ್ಲಿ. ಅದಕ್ಕೆ ಮೊದಲು ಮದ್ದೂರು ಮಳವಳ್ಳಿಗಳು ಮೈಸೂರು ಜಿಲ್ಲೆಗೆ ಸೇರಿದ್ದುವು. ಆದಕಾರಣ ಬರಹ ಚಿತ್ರಕ್ಕಿಂತ 20 ವರ್ಷಗಳಷ್ಟಾದರೂ ಈಚಿನದು. ಚಿತ್ರವನ್ನು ತಳ್ಳಿಹಾಕುವುದಕ್ಕೆ ಇದು ಕಾರಣವಾಗದು. ಬರೆದವರು ಯಾರು, ಯಾರಿಂದ ಕೇಳಿ ಬರೆದರು ಎಂದು ವಿಚಾರಿಸುವುದಕ್ಕೆ ಕಾರಣವಾಗುತ್ತದೆ.

ಇಷ್ಟೆಲ್ಲ ಪರೀಕ್ಷೆಗಳು ಸುಳ್ಳನ್ನು ಹೊರಗಿಡಬಲ್ಲುವು; ಸತ್ಯವನ್ನು ಪೂರ್ಣವಾಗಿ ಕೊಡಲಾರವು. ಪಟ ಈ ಮನೆಗೆ ಹೇಗೆ ಬಂದಿತು ಎಂಬುದನ್ನು ಹೇಳಬಲ್ಲವರು ಮನೆಯವರೇ. ಯಜಮಾನನ ಡಿಸ್ಚಾರ್ಜ್ ಪತ್ರ, ಪಿಂಚಣಿ ಪುಸ್ತಕ, ಪದಕಗಳು ಆ ಮಾತಿಗೆ ಬೆಂಬಲ. ಮೊದಲನೆಯ ಮಹಾಯುದ್ಧದ ಬ್ರಿಟಿಷ್ ಯುದ್ಧಪದಕದ ಅಂಚಿನಲ್ಲಿ ಪಡೆದವನ ಹೆಸರೂ ದಳವೂ ಒತ್ತಿರುವುದನ್ನು ಇಲ್ಲಿ ನೆನೆಯಬಹುದು. ವ್ಯಾಪಾರಿಯು ಕಟ್ಟನ್ನು ಬಿಚ್ಚಿ, ಬೆನ್ನಿನ ಹಲಗೆಯನ್ನು ಎಸೆದು, ಚಿತ್ರವನ್ನು ಮಾತ್ರ ಒಯ್ದರೆ ಸೇನಾನಿಯ ಸಹಿ ಉಳಿಯುತ್ತದೆ. ಅದನ್ನು ಪಡೆದ ಸಿಪಾಯಿಯ ಚರಿತ್ರೆ ಅಳಿಯುತ್ತದೆ. ಸೇನಾನಿಯ ಚರಿತ್ರೆಗೆ ಬೇರೆ ಆಧಾರಗಳು ಎಷ್ಟೋ ಇವೆ. ಸಿಪಾಯಿಗೆ ಇದೊಂದೇ ಇದ್ದೀತು.

ಆದುದರಿಂದ ಈ ಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಗಳಿಗೆ ನಾವು ಸೂಚಿಸುವುದಿಷ್ಟೆ: ಪಟವನ್ನು ಗೋಡೆಯ ಮೇಲಿರುವಂತೆಯೇ ಮೊದಲು ಚಿತ್ರಿಸಿಕೊಳ್ಳಿರಿ. ಮನೆಯ ಹಿರಿಯರ ಮಾತನ್ನು ಅವರ ನುಡಿಯಲ್ಲೇ, ದಿನಾಂಕದೊಡನೆ ಬರೆದುಕೊಳ್ಳಿರಿ. ಅಂಟು, ಪ್ಲಾಸ್ಟಿಕ್ ಹೊದಿಕೆಗಳನ್ನು ಹತ್ತಿರ ಸುಳಿಸದಿರಿ. ಸಾಧ್ಯವಾದಲ್ಲಿ ಪ್ರತಿಯನ್ನು ಮಾತ್ರ ತಂದು ಮೂಲವನ್ನು ಅದರ ಮನೆಯಲ್ಲಿಯೇ ಬಿಡಿರಿ. ಅಲ್ಲಿ ಅದರ ಸಾಕ್ಷಿಗಳೂ ಜೊತೆಗಿರುತ್ತವೆ.